ಉರಿ ಬಾರದ ಕೈ

"ಉರಿ ಬಂತಾ, ಭಾವ?"

ನಾಲ್ಕನೇ ಮಹಡಿಯ ಹೊರಗೋಡೆಯಲ್ಲಿ ಹಲಗೆಯ ಮೇಲೆ ಕೂತು ಬಣ್ಣ ಬಳಿಯುತ್ತಿದ್ದ ಕುಳ್ಳ ಕೂಗಿದ. ಹಲಗೆಯ ಹಗ್ಗ ತಾರಸಿಯ ಕಬ್ಬಿಣದ ಕಂಬಕ್ಕೆ ಒಂದೇ ಸುತ್ತು ಸುತ್ತಿ ಬಂದಿತ್ತು. ತುದಿ ಅವನ ಹೆಂಡತಿಯ ಅಣ್ಣನ ಕೈಯಲ್ಲಿತ್ತು.

"ಇಲ್ಲ ಕಣೋ. ಆ ಕಿಟಕಿ ಮುಗಿಸ್ಬಿಡು."

ಹನ್ನೆರಡು ವರ್ಷದಿಂದ ಇಬ್ಬರದೂ ಇದೇ ಕಟ್ಟಳೆ. ಮೇಲಿನವನ ಮುಂಗೈ ಉರಿಯತೊಡಗಿದರೆ ಕೂಗಬೇಕು, ಕೆಳಗಿನವನು ಕಿಟಕಿಯ ಸಜ್ಜಾದ ಮೇಲೆ ಕಾಲೂರಬೇಕು, ಆಮೇಲೆ ಹಗ್ಗ ಕಟ್ಟಿ ಕೈ ಕೊಡವಿಕೊಳ್ಳಬೇಕು. ಈಚೆಗೆ ಆ ಹಾಳು ಉರಿ ಐದು ನಿಮಿಷಕ್ಕೊಮ್ಮೆ ಬಂದು ಪ್ರಾಣ ತಿನ್ನುತ್ತಿತ್ತು. "ಹಗ್ಗಕ್ಕೆ ಬೇರೆ ಯಾರನ್ನಾದ್ರೂ ನೋಡೋಣ್ವಾ, ಭಾವ?" ಎಂದು ನಿನ್ನೆ ಕುಳ್ಳ ನಗುತ್ತಲೇ ಅಂದಿದ್ದ. ನಗುತ್ತ ಅಂದರೂ ಮಾತು ಚುಚ್ಚಿತ್ತು. ಇವತ್ತು ಬೆಳಿಗ್ಗೆ ಭಾವ ಯಾರಿಗೂ ಹೇಳದೆ ಹೋಗಿ ಎರಡೂ ಮುಂಗೈಗೆ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದ.

ಡಾಕ್ಟರಮ್ಮ ಬಿಡಿಸಿಯೇ ಹೇಳಿದ್ದರು. "ಸ್ನಾಯು ದುಡಿದಷ್ಟೂ ಒಳಗೆ ಹುಳಿ, ಅಂದ್ರೆ ಆಸಿಡ್, ಸೇರುತ್ತೆ. ಅದು ಹೆಚ್ಚಾದ್ರೆ ಪತ್ತೆ ಹಚ್ಚೋ ನರಗಳಿವೆ, ಅವು ಬಾಯಿ ಬಡ್ಕೊಳ್ಳೋದೇ ಈ ನೋವು. ಈ ಇಂಜೆಕ್ಷನ್ ಅವುಗಳ ಬಾಯಿ ಮುಚ್ಚಿಸುತ್ತೆ, ಅಷ್ಟೆ. ಹುಳಿ ಎಲ್ಲೂ ಹೋಗಲ್ಲ, ಕೈ ಸೋಲೋದೂ ತಪ್ಪಲ್ಲ. ಎರಡು ದಿನ ಭಾರ ಹಿಡೀಬೇಡಿ." ಬಾಯಿ ಮುಚ್ಚಿಸುತ್ತೆ ಅನ್ನುವಷ್ಟನ್ನೇ ಕೇಳಿಸಿಕೊಂಡು ಪುಣ್ಯಾತ್ಮ ಎದ್ದು ಬಂದಿದ್ದ.

ಈಗ ಹಗ್ಗ ಹಿಡಿದು ಅರ್ಧ ಗಂಟೆಯಾದರೂ ನೋವಿನ ಸುಳಿವಿಲ್ಲ. ಹಳೇ ಕೈ ಮರಳಿ ಬಂತಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದ. ಅಷ್ಟರಲ್ಲಿ ಹಗ್ಗ ಒಂದು ಗೇಣು ಜಾರಿತು.

"ಏಯ್! ನಿಧಾನ!" ಕೆಳಗಿನಿಂದ ಕೂಗು.

ಇವನು ಹಗ್ಗ ಬಿಟ್ಟಿರಲಿಲ್ಲ. ನೋಡಿದರೆ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು. ಹಿಡಿ ಅಂದ, ಹಿಡಿಯಲಿಲ್ಲ. ಇನ್ನೊಂದು ಗೇಣು ಜಾರಿತು. ಕಟ್ಟೋಣವೆಂದರೆ ಗಂಟು ಹಾಕಲು ಬೆರಳೆಲ್ಲಿ? ತಂಗಿಯ ಮುಖ ಕಣ್ಣ ಮುಂದೆ ಬಂತು. ಅಯ್ಯೋ, ಅವಳಿಗೆ ಏನಂತ ಹೇಳಲಿ?

"ಸಜ್ಜಾ ಹಿಡಿಯೋ! ಹಿಡಿ! ನನ್ನ ಕೈಲಿ ಆಗ್ತಿಲ್ಲ!"

ಕಿರುಚುತ್ತಲೇ ಗಿರಕಿ ಹೊಡೆದು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನೆಲಕ್ಕೆ ಬಿದ್ದ. ಹಗ್ಗ ಹೊಟ್ಟೆಯನ್ನು ಕೊರೆದು ಬಿಗಿಯಿತು. ಕೆಳಗೆಲ್ಲೋ ಬಣ್ಣದ ಡಬ್ಬಿ ಅಪ್ಪಳಿಸಿದ ಸದ್ದು. ಆಮೇಲೆ ಏನೂ ಇಲ್ಲ. ಕೂಗಿ ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಕಣ್ಣು ಮುಚ್ಚಿಕೊಂಡು ಬಿದ್ದಿದ್ದ.

ಯಾವಾಗಲೋ ಹಗ್ಗ ಸಡಿಲವಾಯಿತು. ಕಿಟಕಿಯೊಳಗೆ ನುಸುಳಿ, ಮೆಟ್ಟಿಲು ಹತ್ತಿ ಕುಳ್ಳ ಬಂದು ನಿಂತ. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ತುಟಿ ಬಿಳುಪೇರಿತ್ತು.

"ಯಾಕೆ ಮೊದಲೇ ಕೂಗ್ಲಿಲ್ಲ?"

"ನೋವೇ ಬರ್ಲಿಲ್ಲ ಕಣೋ. ಇಂಜೆಕ್ಷನ್ ಹಾಕಿಸ್ಕೊಂಡಿದ್ದೆ." ಅವನಿಗೆ ಅಳು ಬಂತು. "ನನ್ನ ತಂಗಿಗೆ ಹೇಳ್ಬೇಡಪ್ಪಾ."

ಕುಳ್ಳ ಕೂತು ಅವನ ಸೊಂಟದ ಹಗ್ಗ ಬಿಚ್ಚಿದ. ಜೋಲುಬಿದ್ದ ಆ ಎರಡೂ ಕೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಒತ್ತಿದ.

"ಹೇಳಲ್ಲ. ಈ ಕೈ ಚೆನ್ನಾಗಿ ನೋಯೋಕೆ ಶುರುವಾದ ದಿನ ಒಂದು ಮಾತು ಹೇಳಿ ಕಳ್ಸು, ಭಾವ. ಆವತ್ತು ಮತ್ತೆ ಹಲಗೆ ಮೇಲೆ ಇಳೀತೀನಿ."