ಕತ್ತರಿಯಲ್ಲಿ ಕತ್ತರಿಸಿದ ಟೇಪು

ಸೈಕಲ್ ಸೀಟಿನ ಕಂಬಕ್ಕೆ ಸುತ್ತಿದ್ದ ಕಪ್ಪು ಟೇಪಿನ ಮೇಲೆ ಅಜ್ಜನ ಹೆಬ್ಬೆರಳು ನಿಂತುಬಿಟ್ಟಾಗ ಎಲ್ಕೆಗೆ ಸಿಕ್ಕಿಬಿದ್ದೆ ಅನ್ನಿಸಿತು. ಓಮೇರ್ ಅಜ್ಜನಿಗೆ ಈಗ ಬೆಳಕು, ನೆರಳು ಅಷ್ಟೇ ಕಾಣುತ್ತದೆ. ಫ್ಲಾಂಡರ್ಸ್ ಸೀಮೆಯ ಅರ್ಧ ರೇಸ್ ಸೈಕಲ್‌ಗಳಿಗೆ ಸೀಟು ಕೂರಿಸಿದ ಆ ಕೈಗೆ ಉಳಿದಿದ್ದ ಕೆಲಸ ಇದೊಂದೇ: ರೇಸಿಗೆ ಮುಂಚೆ ಮೊಮ್ಮಗಳ ಸೀಟನ್ನು ತಾನು ಟೇಪು ಸುತ್ತಿ ಹಾಕಿದ ಗುರುತಿಗೆ ತಂದು ಬಿಗಿಯುವುದು. ಆದರೆ ಎಲ್ಕೆ ಈ ವರ್ಷ ಬೆಳೆದಿದ್ದಳು, ಹಳೆಯ ಗುರುತಿನಲ್ಲಿ ಕೂತರೆ ಮಂಡಿ ನೋಯುತ್ತಿತ್ತು. ಹೇಳಿದರೆ ಅಜ್ಜ ನೊಂದುಕೊಳ್ಳುತ್ತಾನೆಂದು ನಿನ್ನೆ ಟೇಪನ್ನೇ ಕಿತ್ತು ಕಂಬದ ಮೇಲೆ ಒಂದು ಬೆರಳು ಕೆಳಗೆ ಸುತ್ತಿ, ಸೀಟನ್ನು ಅಷ್ಟು ಎತ್ತರಿಸಿದ್ದಳು.

"ಇದನ್ನ ಕತ್ತರೀಲಿ ಕತ್ತರಿಸಿದ್ದಾರೆ," ಅಂದ ಅಜ್ಜ. "ನಾನು ಹಲ್ಲಲ್ಲಿ ಹರಿಯೋನು."

"ಹಳೇದು ಬಿಚ್ಕೊಂಡಿತ್ತು ಅಜ್ಜ..."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಸೈಕಲ್ ಹತ್ತು. ಗೋಡೆ ಹಿಡ್ಕೊಂಡು, ಹಿಮ್ಮಡೀಲಿ ಪೆಡಲನ್ನ ಹಿಂದಕ್ಕೆ ತುಳಿ."

ಅವಳು ತುಳಿದಳು. ಚರ್ಚಿನ ಎದುರಿನ ಬಾರಿನ ಬಳಿ ಮೈಕಿನಲ್ಲಿ ರೇಸಿನವರ ಹೆಸರು ಕೂಗಲು ಶುರುಮಾಡಿದ್ದರು. ಅಜ್ಜ ಒಂದು ಅಂಗೈಯನ್ನು ಅವಳ ಮಂಡಿಯ ಹಿಂದೆ, ಇನ್ನೊಂದನ್ನು ಸೊಂಟದ ಮೇಲೆ ಇಟ್ಟು, ಸೀಟು ಕಿರುಗುಟ್ಟುವುದನ್ನು ತಲೆ ಬಾಗಿಸಿ ಕೇಳಿಸಿಕೊಂಡ.

"ಬೆಳ್ದಿದ್ದೀಯ, ನಿಜ. ಆದ್ರೆ ಅರ್ಧ ಬೆರಳು ಸಾಕು ಕಣೇ. ಇಷ್ಟೆತ್ತರ ಕೂತ್ರೆ ಬಾತುಕೋಳಿ ಥರ ಸೊಂಟ ಅಲ್ಲಾಡ್ಸ್ಕೊಂಡು ಹೋಗ್ತೀಯ."

ಅವಳನ್ನು ಕೆಳಗಿಳಿಸಿ, ಅವಳ ಟೇಪನ್ನು ಕಿತ್ತೆಸೆದು, ಜೇಬಿನಿಂದ ಸುರುಳಿ ತೆಗೆದು, ಹೊಸ ತುಂಡನ್ನು ಹಲ್ಲಿನಿಂದ ಹರಿದು, ಅವಳ ಗುರುತಿಗಿಂತ ಅರ್ಧ ಬೆರಳು ಮೇಲೆ ಸುತ್ತಿದ. ಸೀಟು ಇಳಿಸಿ ಬಿಗಿದ ಮೇಲೆ ಅವಳನ್ನು ಮತ್ತೆ ಹತ್ತಿಸಿ, ಮಂಡಿಯ ಮೇಲೆ ಕೈಯಿಟ್ಟು ಕೇಳಿದ: "ಎಷ್ಟು ದಿನದಿಂದ ನೋಯ್ತಿತ್ತು?"

"ಮೂರು ವಾರ."

ಅಜ್ಜ ಬೈಯಲಿಲ್ಲ. ಮೈಕಿನಲ್ಲಿ ಅವಳ ಹೆಸರು ಬರುವವರೆಗೂ ಆ ಮಂಡಿಯ ಮೇಲಿಂದ ಕೈ ತೆಗೆಯಲಿಲ್ಲ.