ರುಬಿಯಾ ಬರೆಯದ ಉತ್ತರ

ಆ ಉತ್ತರ ರುಬಿಯಾ ಬರೆದದ್ದಲ್ಲ.

ಬೆಳಗಾವಿಯ ಗಿರಾಕಿಯೊಬ್ಬಳು ನವಿಲಿನ ಜಮಖಾನದ ಅಳತೆ ಕೇಳಿ ಮೆಸೇಜು ಹಾಕಿದ್ದಳು. ರುಬಿಯಾ ಬೇಕೆಂದೇ ಅದನ್ನು ತೆರೆಯದೆ ಬಿಟ್ಟಿದ್ದಳು. ಅಡುಗೆ ಮುಗಿಸಿ ಬಂದು ನೋಡಿದರೆ ಕೆಳಗೆ ಅಳತೆ ಇತ್ತು, ಮಗ್ಗದ ಮೇಲಿದ್ದ ನವಿಲಿನ ಫೋಟೊ ಇತ್ತು. ಯಾವ ಕೋಣೆಗೆ ಹಾಸುತ್ತೀರಿ ಎಂದು ತಿಳಿಸಿದರೆ ಒಪ್ಪುವ ಬಣ್ಣ ಆರಿಸಿ ಕೊಡುತ್ತೇವೆ ಎಂಬ ಸಾಲೂ ಇತ್ತು. ಗಿರಾಕಿ ಆರ್ಡರು ಕೊಟ್ಟೂ ಆಗಿತ್ತು.

ಫೋನು ಹಿಡಿದು ರುಬಿಯಾ ಅಲ್ಲೇ ಕುಳಿತಳು. ಒಳಕೋಣೆಯಲ್ಲಿ ಅತ್ತೆಯ ಮಗ್ಗ ಆಗಷ್ಟೇ ಮತ್ತೆ ಸದ್ದು ಮಾಡತೊಡಗಿತ್ತು.

ಅವಳು ಮದುವೆಯಾಗಿ ನವಲಗುಂದಕ್ಕೆ ಬಂದಾಗ ಗಂಡ ಇಲಿಯಾಸ್‌ನ ಜಮಖಾನ ಕಂಪನಿಗೆ ಒಂದು ಇನ್‌ಸ್ಟಾಗ್ರಾಂ ಪೇಜಿತ್ತು. ಅದರಲ್ಲಿ ಹಬ್ಬಗಳ ಶುಭಾಶಯ ಬಿಟ್ಟರೆ ಏನೂ ಇರಲಿಲ್ಲ. ಗಿರಾಕಿ ಏನಾದರೂ ಕೇಳಿದರೆ ಇಲಿಯಾಸ್ ನೆನಪಾದಾಗ ಉತ್ತರಿಸುತ್ತಿದ್ದ. ರುಬಿಯಾ ಶುಭಾಶಯ ನಿಲ್ಲಿಸಿ ಮಗ್ಗ ತೋರಿಸಿದಳು. ನೂಲು ಬಣ್ಣ ಕುಡಿಯುವುದನ್ನು, ನವಿಲು ಗೆರೆಗೆರೆಯಾಗಿ ಮೂಡುವುದನ್ನು ರೀಲ್ ಮಾಡಿದಳು. ಜನ ಫೋನು ನೋಡುವ ಹೊತ್ತು ಯಾವುದೆಂದು ತಿಳಿದುಕೊಂಡು ಆಗಲೇ ಹಾಕಿದಳು. ಕೇಳಿದವರಿಗೆ ಕೂಡಲೇ ಉತ್ತರ ಕೊಟ್ಟಳು. ಕೊಂಡವರನ್ನೂ ಬಿಡದೆ ವಿಚಾರಿಸಿ, ಅವರ ಮನೆಯಲ್ಲಿ ಹಾಸಿದ ಫೋಟೊ ತರಿಸಿಕೊಂಡಳು. ಆರ್ಡರು ಹುಬ್ಬಳ್ಳಿ ದಾಟಿ ಪುಣೆಯ ತನಕ ಹೋದವು.

ಅವಳು ಸಿಕ್ಕಿಹಾಕಿಕೊಂಡದ್ದು ಅಲ್ಲೇ. ಮದುವೆಯಾದ ಮೇಲೆ ಬಿ.ಎಡ್. ಓದಿಸುತ್ತೇವೆ ಎಂದು ಮಾತಾಗಿತ್ತು. ಹೋದ ವರ್ಷ ಧಾರವಾಡದಲ್ಲಿ ಸೀಟೂ ಸಿಕ್ಕಿತ್ತು. ಇಲಿಯಾಸ್ ಬೇಡ ಅನ್ನಲಿಲ್ಲ. ಆನ್‌ಲೈನ್ ಕೆಲಸಕ್ಕೆ ಯಾರಾದರೂ ಸಿಗಲಿ, ಆಮೇಲೆ ಹೋಗುವಿಯಂತೆ ಎಂದ. ಅವಳು ಯಾರ ಹೆಸರು ಹೇಳಿದರೂ ಏನಾದರೊಂದು ಕೊರತೆ ತೆಗೆದ. ಒಬ್ಬರಿಗೆ ನೂಲಿನ ಗಂಧವಿಲ್ಲ, ಇನ್ನೊಬ್ಬರು ಹೊರಗಿನವರು, ನಮ್ಮ ಚಿತ್ತಾರ ಬೇರೆಯವರಿಗೆ ಕೊಟ್ಟಾರು. ಸೀಟು ಹೋಯಿತು. ಈ ವರ್ಷ ಮತ್ತೆ ಸಿಕ್ಕಿದೆ. ಅವಳು ಚೆನ್ನಾಗಿ ಮಾಡಿದಷ್ಟೂ ಬಾಗಿಲು ಇನ್ನಷ್ಟು ಬಿಗಿಯಾಗುತ್ತಿತ್ತು.

ಆದ್ದರಿಂದ ಕೆಡಿಸತೊಡಗಿದಳು. ಮಬ್ಬು ಫೋಟೊ ಹಾಕಿದಳು. ಎಲ್ಲರೂ ಕೆಲಸದಲ್ಲಿರುವ ಹೊತ್ತು ನೋಡಿ ಹಾಕಿದಳು. ರೀಲ್ ನಿಲ್ಲಿಸಿದಳು. ಮೆಸೇಜುಗಳನ್ನು ಹಾಗೇ ಬಿಟ್ಟಳು. ತಾನೇ ಕಟ್ಟಿದ್ದನ್ನು ತಾನೇ ಕೆಡವುತ್ತಿದ್ದಳು. ವ್ಯಾಪಾರ ತಗ್ಗಿದರೆ ತನ್ನ ಅಗತ್ಯವೂ ತಗ್ಗೀತೆಂಬ ಆಸೆ.

ಆರ್ಡರು ಮಾತ್ರ ತಗ್ಗಲಿಲ್ಲ. ಅವಳ ಮಬ್ಬು ಫೋಟೊ ಮಾಯವಾಗಿ ಅದೇ ಜಾಗದಲ್ಲಿ ಒಳ್ಳೆಯ ಫೋಟೊ ಬರುತ್ತಿತ್ತು. ಅವಳು ಬಿಟ್ಟ ಮೆಸೇಜಿಗೆ ಅವಳದೇ ಧಾಟಿಯ ಉತ್ತರ ಹೋಗುತ್ತಿತ್ತು. ಸೆಟ್ಟಿಂಗ್ ತೆರೆದು ನೋಡಿದಳು. ಖಾತೆ ಇನ್ನೊಂದು ಫೋನಿನಲ್ಲೂ ತೆರೆದಿತ್ತು. ಊರು, ನವಲಗುಂದ.

ಇಲಿಯಾಸ್ ಅಲ್ಲದೆ ಇನ್ಯಾರು? ಎಲ್ಲ ಗೊತ್ತಿದ್ದೂ ಸುಮ್ಮನಿದ್ದಾನೆ. ಆ ಫೋನನ್ನು ಖಾತೆಯಿಂದ ತೆಗೆದುಹಾಕಿದಳು. ಸಂಜೆಗೆ ಮತ್ತೆ ಬಂದು ಕೂತಿತ್ತು. ಪಾಸ್‌ವರ್ಡು ತೀರಿಹೋದ ಮಾವನ ಹೆಸರೇ. ಬದಲಿಸಿದರೆ ಯಾಕೆಂದು ಅವನು ಕೇಳುತ್ತಾನೆ. ಅದನ್ನು ಹಾಗೇ ಬಿಟ್ಟಳು.

ಊಟದ ಹೊತ್ತಿಗೆ ಇಲಿಯಾಸ್ ಖುಷಿಯಲ್ಲಿದ್ದ.

“ಈ ಸಲ ಅಗದಿ ಚಲೋ ನಡಸೀದಿ,” ಎಂದ. “ನಿನ್ನ ಬಿಟ್ರ ಇದು ಯಾರ ಕಡಿಂದನೂ ಆಗೂದಿಲ್ಲ ಬಿಡು.”

ಅವಳಿಗೆ ಅದು ಚುಚ್ಚುಮಾತಿನಂತೆ ಕೇಳಿಸಿತು. ಪಲ್ಯ ಬಡಿಸುತ್ತಿದ್ದ ಅತ್ತೆ ರಾಜಮಾಬಿ, ರೀಲಿಗೆ ಹಾಡು ಯಾಕೆ ಬೇಕು, ಮಗ್ಗದ ಸಪ್ಪಳವೇ ಸಾಲದೆ ಎಂದು ಕೇಳಿದಳು. ಅವಳು ಇಂಥದ್ದೇನಾದರೂ ಕೇಳುತ್ತಲೇ ಇರುತ್ತಿದ್ದಳು. ವಯಸ್ಸಾದವರಿಗೆ ಹೊತ್ತು ಹೋಗಲಿ ಎಂದು ರುಬಿಯಾ ಬಿಡಿಸಿ ಹೇಳುತ್ತಿದ್ದಳು. ಇವತ್ತು ರೊಟ್ಟಿ ಮುರಿಯುತ್ತ ಕೂತಳು. ಗದಗಿನ ಮಗಳು ಖುಷ್ಬೂ ಫೋನು ಮಾಡುವ ಹೊತ್ತಾಯಿತೆಂದು ರಾಜಮಾಬಿ ತನ್ನ ಫೋನು ಹಿಡಿದು ಎದ್ದುಹೋದಳು.

ಶುಕ್ರವಾರ ಬಂತು. ಕಾಲೇಜಿಗೆ ಸೇರಲು ಸೋಮವಾರವೇ ಕೊನೆ. ಇಲಿಯಾಸ್ ಫೋನನ್ನು ಚಾರ್ಜಿಗೆ ಹಾಕಿ ನಮಾಜಿಗೆ ಹೋಗಿದ್ದ. ಆಗಲೇ ಮೈಸೂರಿನ ಹೋಟೆಲೊಂದರಿಂದ ಮೆಸೇಜು ಬಂತು. ಎಲ್ಲ ಕೋಣೆಗಳಿಗೂ ಜಮಖಾನ ಬೇಕಂತೆ. ರುಬಿಯಾ ಮುಟ್ಟಲಿಲ್ಲ. ಅವಳು ನೋಡುತ್ತಿದ್ದಂತೆಯೇ ಅದರ ಕೆಳಗೆ ಉತ್ತರ ಮೂಡಿತು. ಇಲಿಯಾಸ್‌ನ ಫೋನು ಅವಳ ಎದುರೇ ಕಪ್ಪಗೆ ಬಿದ್ದಿತ್ತು.

ಅವನಲ್ಲವೆಂದರೆ ಗೊತ್ತೇ ಇಲ್ಲದ ಯಾರೋ ಪೇಜಿನೊಳಗೆ ಹೊಕ್ಕಿದ್ದಾರೆ. ಗಿರಾಕಿಗಳ ವಿಳಾಸ, ಚಿತ್ತಾರ ಎಲ್ಲ ಅವರ ಕೈಯಲ್ಲಿ. ಬಾಯಿಬಿಟ್ಟರೆ ತಾನು ಮಾಡಿದ್ದೂ ಬಯಲಾಗುತ್ತದೆ. ಬಿಡದಿದ್ದರೆ ಮನೆಯ ಅನ್ನ ಹೋಗುತ್ತದೆ. ಇಲಿಯಾಸ್ ಟೊಪ್ಪಿಗೆ ತೆಗೆಯುತ್ತ ಒಳಗೆ ಬಂದ.

“ಒಂದು ಮಾತು ಹೇಳಬೇಕ್ರಿ,” ಎಂದಳು. “ಇಷ್ಟು ದಿನ ಗಿರಾಕಿಗೆ ಉತ್ತರ ಕೊಟ್ಟಾಕಿ ನಾ ಅಲ್ಲ.”

“ಮತ್ತ ಯಾರು?”

ಅವನ ಮುಖ ನೋಡಿದಳು. ಅವನಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ.

“ನಾನ,” ಎಂದಳು ರಾಜಮಾಬಿ, ಮಗ್ಗದ ಹಿಂದಿನಿಂದ. “ರಮಜಾನ್ ಮುಗದಾಗಿಂದ ಎಲ್ಲಾ ನಾನ ನೋಡಾಕತ್ತೇನಿ. ಪೇಜು ತೆರೆಯೂದು ಖುಷ್ಬೂ ಹೇಳಿಕೊಟ್ಲು, ಉಳದದ್ದು ಸೊಸಿನ್ನ ಕೇಳಿ ಕೇಳಿ ಕಲತೇನಿ. ಯಾಪಾರ ಏನರ ಕಮ್ಮಿ ಆಗೇತೇನು? ಸೋಮವಾರ ಅಕಿನ್ನ ಧಾರವಾಡಕ್ಕ ಬಿಟ್ಟು ಬಾ, ಓದ್ಲಿ.”