ಎಂಟನೆಯ ಭಾಷೆ

ಮುಂದಿನ ಸಾಲಿನಲ್ಲಿ ಅಮ್ಮನ ಕೈ ಮೇಲೆದ್ದಾಗ, ವೇದಿಕೆಯ ಮೇಲಿದ್ದ ಮಗಳು ಬೇರೆ ಯಾರಾದರೂ ಕೈ ಎತ್ತಿದ್ದಾರೆಯೇ ಎಂದು ಸಭೆಯತ್ತ ಕಣ್ಣಾಡಿಸಿದಳು. ವಿಶ್ವವಿದ್ಯಾಲಯದ ಸಭಾಂಗಣದಲ್ಲಿ, ಏಳು ಭಾಷೆ ಬಲ್ಲ ಅಪ್ಪ ಆಗಷ್ಟೇ ಉಪನ್ಯಾಸ ಮುಗಿಸಿ ನೀರು ಕುಡಿಯುತ್ತಿದ್ದರು. ಕಿವಿ ಕೇಳದವರಿಗಾಗಿ ಅವರ ಮಾತನ್ನೆಲ್ಲ ಪಕ್ಕದಲ್ಲೇ ನಿಂತು ಕೈಸನ್ನೆಗೆ ಇಳಿಸಿದವಳು ಮಗಳು. ಈಗ ಪ್ರಶ್ನೆಗಳ ಸರದಿ. ಸನ್ನೆಯಲ್ಲಿ ಬಂದದ್ದನ್ನು ಅವಳು ಮೈಕಿನಲ್ಲಿ ಹೇಳಬೇಕು. ಅವಳ ಕಸುಬಿನ ಕಟ್ಟಳೆಯಂತೆ ‘ಅವರು ಕೇಳುತ್ತಿದ್ದಾರೆ’ ಎನ್ನುವಂತಿಲ್ಲ, ಸನ್ನೆ ಮಾಡಿದವರ ಬಾಯಾಗಿ ‘ನಾನು’ ಎಂದೇ ಹೇಳಬೇಕು, ಒಂದಕ್ಷರವನ್ನೂ ನುಂಗುವಂತಿಲ್ಲ.

ಹುಟ್ಟಿನಿಂದ ಕಿವಿ ಕೇಳದ ಅಮ್ಮ ಎದ್ದು ನಿಂತು ಅವಸರವಿಲ್ಲದೆ ಬೆರಳಾಡಿಸಿದಳು. ಮನೆಯಲ್ಲಾಗಿದ್ದರೆ ಇಂಥದ್ದನ್ನು ಅರ್ಧ ನುಂಗಿ, ಉಳಿದದ್ದಕ್ಕೆ ಸಕ್ಕರೆ ಸವರಿ ಅಪ್ಪನಿಗೆ ದಾಟಿಸುತ್ತಿದ್ದಳು. ಚಿಕ್ಕಂದಿನಿಂದ ಮಾಡಿದ್ದು ಅದನ್ನೇ. ಇಲ್ಲಿ ಅಮ್ಮನ ಕಣ್ಣು ಅವಳ ತುಟಿಯ ಮೇಲೇ ನೆಟ್ಟಿತ್ತು.

“ನಾನು ನಿಮ್ಮ ಹೆಂಡತಿ,” ಎಂದಳು ಮಗಳು, ಮೈಕಿಗೆ. “ಊರವರ ಭಾಷೆಯೆಲ್ಲ ಕಲಿತ್ರಿ. ನನ್ನ ಭಾಷೆ ಯಾಕೆ ಕಲೀಲಿಲ್ಲ?”

ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ಅಪ್ಪ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ ಮನೆಯ ರೂಢಿಯಂತೆ ಮಗಳ ಕಡೆ ವಾಲಿ ಪಿಸುಗುಟ್ಟಿದರು: “ಮನೆಗೆ ಹೋಗಿ ಮಾತಾಡೋಣ ಅಂತ ಅವಳಿಗೆ ಹೇಳಮ್ಮ.” ಮೈಕು ಅದನ್ನೂ ಸಭೆಯಲ್ಲಿ ಕಿವಿ ಕೇಳುವವರಿಗೆಲ್ಲ ಮುಟ್ಟಿಸಿತು. ಯಾರಿಗೆ ಮುಟ್ಟಬೇಕಿತ್ತೋ ಆ ಅಮ್ಮ ಮಾತ್ರ ಕೇಳಿಸದೆ ಕಾದು ನಿಂತಿದ್ದಳು.

ಕಟ್ಟಳೆಯಂತೆ ಆ ಮಾತನ್ನೂ ಸನ್ನೆಗೆ ಇಳಿಸಬೇಕಿತ್ತು. ಮಗಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ನೀವೇ ಹೇಳಿ, ಅಪ್ಪ.”

ಮಾತಿನ ಮಲ್ಲನ ಕೈಗಳು ಮೇಜಿನಿಂದ ಮೇಲೆದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಗಾಳಿಯಲ್ಲೇ ನಿಂತವು.